ಉತಾರದಲ್ಲಿಲ್ಲದ ಹೆಸರು: ಕಾಂಗ್ರೆಸ್ ಡಾಟ್ ಗವ್ ಜಾಲತಾಣದಲ್ಲಿ ಜಾನ್ ಡಿಂಗೆಲ್

ಬೆಳಗಾವಿ, ವಿಜಯಪುರ ಕಡೆ ರಾಜ್ಯಶಾಸ್ತ್ರ, ಕಾನೂನು ಓದುವ ಹುಡುಗರಿಗೆ ಸೆಮಿನಾರಿಗೆ ಅಮೆರಿಕದ ಸಂಸದರೊಬ್ಬರ ವಿಷಯ ಬಿದ್ದರೆ ಹತ್ತರಲ್ಲಿ ಒಂಬತ್ತು ಜನ ಮೊದಲು ತೆರೆಯುವುದು ವಿಕಿಪೀಡಿಯ. ಅದಕ್ಕಿಂತ ಗಟ್ಟಿಯಾದ ಮೂಲ ಪುಕ್ಕಟೆ ಇದೆ: ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ನಡೆಸುವ ಕಾಂಗ್ರೆಸ್ ಡಾಟ್ ಗವ್, ಅಂದರೆ ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸಿನ ಮಸೂದೆ, ಕಾನೂನುಗಳ ದಾಖಲೆ ಇಡುವ ತಾಣ. ಲಾಗಿನ್ ಬೇಡ, ಹಣ ಬೇಡ, ಮೊಬೈಲಿನಲ್ಲೂ ತೆರೆಯುತ್ತದೆ. 1995ರಲ್ಲಿ ಶುರುವಾಗಿದ್ದ ಥಾಮಸ್ ಎಂಬ ಹಳೆಯ ತಾಣದ ಜಾಗಕ್ಕೆ ಇದು 2012ರಲ್ಲಿ ಬಂತು. 2016ರಲ್ಲಿ ಥಾಮಸ್ ಪೂರ್ತಿ ಮುಚ್ಚಿತು.

ಇಂಥ ತಾಣವನ್ನು ಪರೀಕ್ಷಿಸಲು ಸರಿಯಾದ ಒರೆಗಲ್ಲು ಮಿಶಿಗನ್ ರಾಜ್ಯದ ಜಾನ್ ಡಿಂಗೆಲ್. 1955ರ ಡಿಸೆಂಬರ್ 13ರ ಉಪಚುನಾವಣೆಯಲ್ಲಿ ಗೆದ್ದವರು 2015ರ ಜನವರಿ 3ರವರೆಗೆ ಕಾಂಗ್ರೆಸ್ಸಿನ ಕೆಳಮನೆಯಾದ ಪ್ರತಿನಿಧಿ ಸಭೆಯಲ್ಲಿದ್ದರು. ಒಟ್ಟು 59 ವರ್ಷ 21 ದಿನ. ಅಮೆರಿಕದ ಕಾಂಗ್ರೆಸ್ಸಿನಲ್ಲಿ ಇಷ್ಟು ಕಾಲ ಕೂತವರು ಇನ್ನೊಬ್ಬರಿಲ್ಲ. ನಮ್ಮ ಚಿಕ್ಕೋಡಿಯಿಂದ ಏಳು ಸಲ ಗೆದ್ದ ಬಿ. ಶಂಕರಾನಂದರು 1967ರಿಂದ 1996ರವರೆಗೆ, ಅಂದರೆ 29 ವರ್ಷ ಲೋಕಸಭೆಯಲ್ಲಿದ್ದರು. ಅದನ್ನು ಇಮ್ಮಡಿ ಮಾಡಿದರೂ ಡಿಂಗೆಲ್‌ರ ಲೆಕ್ಕಕ್ಕೆ ಒಂದು ವರ್ಷ ಕಡಿಮೆ ಬೀಳುತ್ತದೆ. ಇಷ್ಟುದ್ದದ ವೃತ್ತಿಜೀವನವನ್ನು ಇಟ್ಟು ನೋಡಿದಾಗಲೇ ತಾಣದ ಬಲ ಯಾವುದು, ಬಿರುಕು ಯಾವುದು ಎಂಬುದು ಕಾಣುತ್ತದೆ.

ಮೊದಲು ಸರಿಯಾದ ಮನುಷ್ಯನನ್ನು ಹಿಡಿಯಬೇಕು. ಬರೀ ಡಿಂಗೆಲ್ ಎಂದು ಹುಡುಕಿದರೆ ಒಂದೇ ಮನೆಯ ಬೇರೆ ಹೆಸರುಗಳೂ ಎದುರಾಗುತ್ತವೆ. ತಂದೆಯ ಹೆಸರೂ ಜಾನ್ ಡಿಂಗೆಲ್ಲೇ, 1933ರಿಂದ 1955ರವರೆಗೆ ಸದಸ್ಯರು. ಮಗ ಅದೇ ಸ್ಥಾನಕ್ಕೆ ಬಂದರು. 2015ರಿಂದ ಮಗನ ಹೆಂಡತಿ ಡೆಬಿ ಡಿಂಗೆಲ್ ಇದ್ದಾರೆ. ಆದ್ದರಿಂದ ಬಯೋಗೈಡ್ ಎಂಬ ಕಾಂಗ್ರೆಸ್ ಜೀವನಚರಿತ್ರೆ ಕೋಶದಲ್ಲಿ ಪ್ರತಿ ಸದಸ್ಯರಿಗೂ ಕೊಟ್ಟಿರುವ ಗುರುತು ಸಂಖ್ಯೆ ಹಿಡಿದು ಹೋಗುವುದು ಕ್ಷೇಮ. ನಮಗೆ ಬೇಕಾದ ಜಾನ್ ಡಿಂಗೆಲ್‌ರದು ಡಿ000355. ಕ್ಷೇತ್ರದ ಸಂಖ್ಯೆಯನ್ನು ನಂಬಿ ಹುಡುಕಬೇಡಿ. ಅದು 15, ಆಮೇಲೆ 16, 2003ರಿಂದ ಮತ್ತೆ 15, 2013ರಿಂದ 12 ಎಂದು ಬದಲಾಗುತ್ತ ಹೋಗಿದೆ. ಹತ್ತು ವರ್ಷಕ್ಕೊಮ್ಮೆ ಜನಗಣತಿ ಆದ ಮೇಲೆ ಅಲ್ಲಿ ಗಡಿ ಹೊಸದಾಗಿ ಎಳೆಯುತ್ತಾರೆ.

ಎರಡನೆಯದು ಕಾಂಗ್ರೆಸ್ಸಿನ ಸಂಖ್ಯೆ. ಎರಡು ವರ್ಷದ ಒಂದೊಂದು ಅವಧಿಯನ್ನೂ ಅಲ್ಲಿ ಒಂದೊಂದು ಕಾಂಗ್ರೆಸ್ ಎಂದು ಎಣಿಸುತ್ತಾರೆ. ಮಸೂದೆಗಳ ನಂಬರು ಎರಡು ವರ್ಷಕ್ಕೊಮ್ಮೆ ಮತ್ತೆ ಒಂದರಿಂದ ಶುರುವಾಗುತ್ತದೆ. ಎಚ್.ಆರ್. 37 (ಎಚ್.ಆರ್. ಎಂದರೆ ಪ್ರತಿನಿಧಿ ಸಭೆಯ ಮಸೂದೆ, ಎಸ್. ಎಂದರೆ ಸೆನೆಟ್ಟಿನದು) ಎಂದಷ್ಟೇ ಹಾಕಿದರೆ ಬೇರೆ ಬೇರೆ ಕಾಲದ ಎಷ್ಟೋ ಎಚ್.ಆರ್. 37ಗಳು ಬಂದು ಬೀಳುತ್ತವೆ. ಲೆಕ್ಕ ಸುಲಭ: ಆ ಅವಧಿ ಶುರುವಾದ ಬೆಸ ವರ್ಷದಿಂದ 1789 ಕಳೆದು, ಎರಡರಿಂದ ಭಾಗಿಸಿ, ಒಂದು ಕೂಡಿಸಿ. 1973ಕ್ಕೆ 93 ಬರುತ್ತದೆ. 1974ರ ಮಸೂದೆಗೂ 1973ನ್ನೇ ಹಿಡಿಯಬೇಕು. ಡಿಂಗೆಲ್ ಇದ್ದದ್ದು 84ರಿಂದ 113ರವರೆಗೆ, ಮೂವತ್ತು ಕಾಂಗ್ರೆಸ್ಸುಗಳಲ್ಲಿ.

ಇನ್ನು ಮುಖ್ಯ ಮಾತು. ಸದಸ್ಯರ ಪುಟದಲ್ಲಿ ಅವರು ಮಂಡಿಸಿದ ಮಸೂದೆಗಳ ಪಟ್ಟಿ ಇರುತ್ತದೆ, ಪಕ್ಕದಲ್ಲಿ ಕಾನೂನಾದವನ್ನು ಮಾತ್ರ ತೋರಿಸುವ ಫಿಲ್ಟರ್ ಇರುತ್ತದೆ. ಅದನ್ನು ಒತ್ತಿ, ಬಂದ ಸಂಖ್ಯೆಯನ್ನು ಬರೆದುಕೊಂಡು, ಇದೇ ಈ ಮನುಷ್ಯನ ಸಾಧನೆ ಎಂದು ಸೆಮಿನಾರಿನಲ್ಲಿ ಹೇಳುವುದು ದೊಡ್ಡ ತಪ್ಪು. ಆ ಫಿಲ್ಟರಿನಲ್ಲಿ ಡೆಟ್ರಾಯಿಟ್ ನದಿಯ ವನ್ಯಜೀವಿ ತಾಣದ 2001ರ ಕಾಯ್ದೆಯಂಥವು ಸಿಗುತ್ತವೆ. ಅದೂ ಒಳ್ಳೆಯ ಕೆಲಸವೇ. ಆದರೆ ಡಿಂಗೆಲ್ ಎಂದೊಡನೆ ನೆನಪಾಗುವ ದೊಡ್ಡ ಕಾಯ್ದೆಗಳು ಅಲ್ಲಿ ಇರುವುದೇ ಇಲ್ಲ.

ನಮ್ಮ ಕಡೆ ಉತಾರ, ಅಂದರೆ ಹೊಲದ ಪಹಣಿ, ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉತಾರದಲ್ಲಿ ಒಬ್ಬರ ಹೆಸರಿರುತ್ತದೆ, ಬಿತ್ತಿ ಬೆಳೆದವರು ಇನ್ನೊಬ್ಬರಿರುತ್ತಾರೆ.

ಅಳಿವಿನಂಚಿನ ಜೀವಿಗಳ 1973ರ ಕಾಯ್ದೆಯನ್ನೇ ತೆಗೆದುಕೊಳ್ಳಿ. ಪ್ರತಿನಿಧಿ ಸಭೆಯಲ್ಲಿ ಡಿಂಗೆಲ್ ತಂದದ್ದು ಎಚ್.ಆರ್. 37. ಸೆನೆಟ್‌ನಲ್ಲಿ ಹ್ಯಾರಿಸನ್ ವಿಲಿಯಮ್ಸ್ ತಂದದ್ದು ಎಸ್. 1983 (ಇದು ಇಸವಿಯಲ್ಲ, ಮಸೂದೆಯ ನಂಬರು). 1973ರ ಸೆಪ್ಟೆಂಬರ್ 18ರಂದು ಪ್ರತಿನಿಧಿ ಸಭೆ ಎಚ್.ಆರ್. 37ನ್ನು 390–12 ಮತಗಳಿಂದ ಒಪ್ಪಿತು. ಕೂಡಲೇ ಸೆನೆಟ್ಟಿನ ಮಸೂದೆಯನ್ನು ಕೈಗೆತ್ತಿಕೊಂಡು, ಅದರೊಳಗಿನ ಮಾತು ತೆಗೆದು, ಡಿಂಗೆಲ್ ಮಸೂದೆಯ ಮಾತನ್ನು ತುಂಬಿತು. ಎರಡೂ ಸದನ ಒಂದೇ ನಂಬರಿನ ಮಸೂದೆಯನ್ನು ಒಪ್ಪಬೇಕು ಎಂಬ ನಿಯಮಕ್ಕಾಗಿ ಮಾಡುವ ಕ್ರಮವಿದು. ಎರಡು ಸದನಗಳ ಜಂಟಿ ಸಮಿತಿ ಭಿನ್ನಾಭಿಪ್ರಾಯ ಬಗೆಹರಿಸಿದ ಮೇಲೆ ಡಿಸೆಂಬರ್ 28ರಂದು ಅಧ್ಯಕ್ಷ ನಿಕ್ಸನ್ ಸಹಿ ಹಾಕಿದ್ದು ಎಸ್. 1983ಕ್ಕೆ. ಹೀಗಾಗಿ ಸಾರ್ವಜನಿಕ ಕಾನೂನು 93-205ರ ಮಂಡಕರ ಜಾಗದಲ್ಲಿ ವಿಲಿಯಮ್ಸ್ ಹೆಸರಿದೆ, ಡಿಂಗೆಲ್ ಹೆಸರಿಲ್ಲ.

ಪರಿಸರ ನೀತಿ ಕಾಯ್ದೆಯದೂ ಇದೇ ಕತೆ. ಡಿಂಗೆಲ್‌ರದು ಎಚ್.ಆರ್. 12549. ಕಾನೂನಾದದ್ದು ಹೆನ್ರಿ ಜಾಕ್ಸನ್ನರ ಎಸ್. 1075, 1970ರ ಜನವರಿ 1ರಂದು. ಇವತ್ತು ಎಲ್ಲ ಕಡೆ ಕೇಳುವ ಪರಿಸರ ಪರಿಣಾಮ ವರದಿ ಎಂಬ ಪದ್ಧತಿ ಹುಟ್ಟಿದ್ದು ಆ ಕಾಯ್ದೆಯಿಂದ. 1990ರ ವಾಯು ಶುದ್ಧತೆ ತಿದ್ದುಪಡಿಗೆ ಡಿಂಗೆಲ್ ತಂದದ್ದು ಎಚ್.ಆರ್. 3030, ಸಹಿಯಾದದ್ದು ಎಸ್. 1630.

2010ರ ಆರೋಗ್ಯ ವಿಮೆ ಕಾಯ್ದೆಯದು ಇನ್ನೂ ಸುತ್ತುಬಳಸು. ಡಿಂಗೆಲ್‌ರ ಎಚ್.ಆರ್. 3962 ಪ್ರತಿನಿಧಿ ಸಭೆಯಲ್ಲಿ 2009ರ ನವೆಂಬರ್ 7ರಂದು 220–215ರಿಂದ ಪಾಸಾಯಿತು. ಅದರಲ್ಲಿದ್ದ ಆರೋಗ್ಯ ಯೋಜನೆಯನ್ನು ಸೆನೆಟ್ ಎತ್ತಿಕೊಳ್ಳಲಿಲ್ಲ. ತೆರಿಗೆಯ ಮಸೂದೆ ಪ್ರತಿನಿಧಿ ಸಭೆಯಲ್ಲೇ ಹುಟ್ಟಬೇಕು ಎಂದು ಅಲ್ಲಿನ ಸಂವಿಧಾನ ಹೇಳುತ್ತದೆ. ಅದಕ್ಕಾಗಿ ಸೆನೆಟ್ಟಿನವರು, ಸೈನಿಕರ ಮನೆ ಖರೀದಿ ತೆರಿಗೆಗೆಂದು ಚಾರ್ಲ್ಸ್ ರೇಂಜಲ್ ತಂದಿದ್ದ ಎಚ್.ಆರ್. 3590ರ ಹೊಟ್ಟೆ ಖಾಲಿ ಮಾಡಿ ತಮ್ಮ ಆರೋಗ್ಯ ಮಸೂದೆ ತುಂಬಿದರು. 2010ರ ಮಾರ್ಚ್ 21ರಂದು 219–212ರಿಂದ ಪಾಸಾದದ್ದು ಅದೇ. ಪುಟದ ಮೇಲೆ ಕಾಣುವ ಹೆಸರು ರೇಂಜಲ್‌ರದು. ಆಹಾರ ಸುರಕ್ಷತೆಯ ವಿಷಯದಲ್ಲೂ ಡಿಂಗೆಲ್ ತಂದದ್ದು ಎಚ್.ಆರ್. 2749, ಕಾನೂನಾದದ್ದು ಎಚ್.ಆರ್. 2751. ಆ ನಂಬರು ಮೊದಲು ಹಳೆ ಕಾರು ಕೊಟ್ಟು ಹೊಸದು ಕೊಳ್ಳುವ ಯೋಜನೆಯ ಮಸೂದೆಯದಾಗಿತ್ತು.

ಇದಕ್ಕೆ ಪರಿಹಾರ ತಾಣದೊಳಗೇ ಇದೆ, ಹುಡುಕಿ ತೆಗೆಯಬೇಕು ಅಷ್ಟೇ. ಕಾನೂನಿನ ಪುಟ ತೆರೆದು ಆಕ್ಷನ್ಸ್ ಎಂಬ ಟ್ಯಾಬಿಗೆ ಹೋಗಿ. ಸಾರಾಂಶದ ಪಟ್ಟಿ ಬಿಟ್ಟು ಎಲ್ಲ ಹಂತಗಳನ್ನೂ ತೋರಿಸುವ ಪಟ್ಟಿ ಆರಿಸಿಕೊಳ್ಳಿ. ಕೆಳಗಿನಿಂದ ಮೇಲಕ್ಕೆ ಓದಿ, ಏಕೆಂದರೆ ಹಳೆಯದು ಕೆಳಗಿರುತ್ತದೆ. ಇನ್ನೊಂದು ಸದನದ ಮಸೂದೆಯ ನಂಬರು ಎಲ್ಲಿ ಬಂದಿದೆ ನೋಡಿ, ಆ ನಂಬರಿನ ಪುಟಕ್ಕೆ ಹೋಗಿ, ಯಾರು ಮಂಡಿಸಿದರು ನೋಡಿ. ಸಂಬಂಧಿಸಿದ ಮಸೂದೆಗಳ ಟ್ಯಾಬ್ ಬೇರೆ ಇದೆ. ಇತ್ತೀಚಿನವಕ್ಕೆ ಅದು ಚೆನ್ನಾಗಿದೆ, 1970ರ ದಶಕಕ್ಕೆ ಅದನ್ನೊಂದನ್ನೇ ನೆಚ್ಚಬೇಡಿ.

ನಮ್ಮ ಸಂಸತ್ತಿನ ರೂಢಿ ಇಟ್ಟುಕೊಂಡು ಈ ಪಟ್ಟಿ ಓದಿದರೆ ಇನ್ನೊಂದು ಗೊಂದಲ ಆಗುತ್ತದೆ. ಇಲ್ಲಿ ಮಸೂದೆ ತರುವವರು ಹೆಚ್ಚಾಗಿ ಮಂತ್ರಿಗಳು. ಖಾಸಗಿ ಸದಸ್ಯರ ಮಸೂದೆ ಕಾನೂನಾದದ್ದು ಕೊನೆಯದಾಗಿ 1970ರಲ್ಲಿ. ಅಲ್ಲಿ ಮಂತ್ರಿಗಳು ಸದನದ ಸದಸ್ಯರೇ ಅಲ್ಲ, ಆದ್ದರಿಂದ ಪ್ರತಿಯೊಂದು ಮಸೂದೆಯನ್ನೂ ಒಬ್ಬ ಸದಸ್ಯರೇ ತರಬೇಕು. ಮಂಡಿಸುವುದು ಅಗ್ಗ, ಪಾಸು ಮಾಡಿಸುವುದು ದುಬಾರಿ. ತಂದೆ 1943ರಿಂದ ಪಟ್ಟು ಹಿಡಿದಿದ್ದ ರಾಷ್ಟ್ರೀಯ ಆರೋಗ್ಯ ವಿಮೆಯ ಮಸೂದೆಯನ್ನು ಮಗನೂ ಕಾಂಗ್ರೆಸ್ಸಿನಿಂದ ಕಾಂಗ್ರೆಸ್ಸಿಗೆ ತಂದರು. 110, 111ನೆಯ ಕಾಂಗ್ರೆಸ್ಸುಗಳಲ್ಲಿ ಅದು ಎಚ್.ಆರ್. 15. ತಾಣದಲ್ಲಿ ಅದರ ಸ್ಥಿತಿ ಮಂಡನೆಯ ಮುಂದೆ ಹೋಗುವುದಿಲ್ಲ. ಪಟ್ಟಿ ನೋಡಿದರೆ ಸೋಲಿನ ಸಾಲು. ಆದರೆ 1965ರಲ್ಲಿ ವೃದ್ಧರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ಪಾಸಾದಾಗ ಪೀಠದಲ್ಲಿ ಕೂತು ಸದನ ನಡೆಸಿದವರು ಇವರೇ. 2010ರಲ್ಲಿ ಆರೋಗ್ಯ ಕಾಯ್ದೆ ಪಾಸಾದಾಗ ಸ್ಪೀಕರ್ ನ್ಯಾನ್ಸಿ ಪೆಲೋಸಿ ಕೈಯಲ್ಲಿದ್ದ ಸುತ್ತಿಗೆಯೂ ಆ ದಿನದ್ದೇ, ಇವರು ಕೊಟ್ಟದ್ದು.

ಹಳೆಯ ಕಾಲದ ವ್ಯಾಪ್ತಿ ಈ ತಾಣದ ದೊಡ್ಡ ಕೊರತೆ. ಮಸೂದೆಗಳ ಸಾರಾಂಶ, ಹಂತ, ಮಂಡಕರ ಹೆಸರು ಪೂರ್ತಿಯಾಗಿ ಸಿಗುವುದು 1973ರಿಂದ ಈಚೆಗೆ. 1951ರಿಂದ 1972ರವರೆಗೆ ಕಾನೂನಾದವು ಮಾತ್ರ ಇವೆ. ಅಂದರೆ ಡಿಂಗೆಲ್‌ರ ಮೊದಲ ಹದಿನೇಳು ವರ್ಷಗಳಲ್ಲಿ ಅವರು ಮಂಡಿಸಿ ಬಿದ್ದುಹೋದದ್ದು ಯಾವುದೂ ಅವರ ಪಟ್ಟಿಯಲ್ಲಿ ಕಾಣುವುದಿಲ್ಲ. ಪರಿಸರ ನೀತಿಯ ಎಚ್.ಆರ್. 12549 ಬಿದ್ದಿರುವುದೂ ಈ ಗುಂಡಿಯಲ್ಲೇ. ಅದನ್ನು ಕಲಾಪದ ದಾಖಲೆಯಲ್ಲೇ ಹುಡುಕಬೇಕು. ಕಲಾಪದ ಬೌಂಡ್ ಸಂಪುಟಗಳು 1873ರಿಂದಲೂ ಪಿಡಿಎಫ್ ರೂಪದಲ್ಲಿವೆ. ಸರ್ಕಾರಿ ಪ್ರಕಟಣಾ ಕಚೇರಿಯ ಗವ್‌ಇನ್ಫೋ ತಾಣದಿಂದಲೂ ಇಳಿಸಿಕೊಳ್ಳಬಹುದು. ಪೂರ್ತಿ ಸಂಪುಟದ ಬದಲು ಆ ದಿನದ ಭಾಗ ಮಾತ್ರ ಇಳಿಸಿ, ಇಲ್ಲದಿದ್ದರೆ ಡೇಟಾ ಪ್ಯಾಕ್ ಅದಕ್ಕೇ ಮುಗಿಯುತ್ತದೆ. ಕಾಯ್ದೆಯ ಮೂಲ ಪಠ್ಯ ಬೇಕಿದ್ದರೆ ಸ್ಟ್ಯಾಚೂಟ್ಸ್ ಅಟ್ ಲಾರ್ಜ್ ಎಂಬ ಅಧಿಕೃತ ಕಾನೂನು ಸಂಪುಟಗಳ ಉಲ್ಲೇಖ ಇಟ್ಟುಕೊಳ್ಳಿ: ಅಳಿವಿನಂಚಿನ ಜೀವಿಗಳ ಕಾಯ್ದೆಗೆ ಸಂಪುಟ 87 ಪುಟ 884, ಪರಿಸರ ನೀತಿಗೆ ಸಂಪುಟ 83 ಪುಟ 852.

ಮತ ಹೇಗೆ ಹಾಕಿದರು ಎಂಬುದಕ್ಕೆ ಬೇರೆ ಬಾಗಿಲು ತಟ್ಟಬೇಕು. ಪ್ರತಿನಿಧಿ ಸಭೆಯ ಕ್ಲರ್ಕ್ ಕಚೇರಿಯ ತಾಣದಲ್ಲಿ ಹೆಸರುವಾರು ಮತ ಇರುವುದು 1990ರಿಂದ. ಆರೋಗ್ಯ ಕಾಯ್ದೆಯದು 2010ರ ಮತ ಸಂಖ್ಯೆ 165. ಅದಕ್ಕಿಂತ ಹಿಂದಿನದಕ್ಕೆ, ಉದಾಹರಣೆಗೆ 1964ರ ನಾಗರಿಕ ಹಕ್ಕುಗಳ ಕಾಯ್ದೆಗೆ ಡಿಂಗೆಲ್ ಹಾಕಿದ ಒಪ್ಪಿಗೆಯ ಮತಕ್ಕೆ, ವೋಟ್‌ವ್ಯೂ ಎಂಬ ಮತದಾಖಲೆಯ ತಾಣ ಬೇಕು. ಅದರಲ್ಲಿ 1789ರಿಂದಲೂ ಇದೆ.

ಕಾಂಗ್ರೆಸ್ ಡಾಟ್ ಗವ್ ಎಷ್ಟೇ ಬೆಳೆದರೂ ತೋರಿಸಲಾರದ ಭಾಗವೊಂದು ಈ ಮನುಷ್ಯನ ಬದುಕಿನಲ್ಲಿದೆ, ಅದು ತನಿಖೆ. 1981ರಿಂದ 1995ರವರೆಗೆ, ಮತ್ತೆ 2007ರಿಂದ 2009ರವರೆಗೆ ಇಂಧನ ಮತ್ತು ವಾಣಿಜ್ಯ ಸಮಿತಿಯ ಅಧ್ಯಕ್ಷರಾಗಿ ಅವರು ಇಲಾಖೆಗಳಿಗೆ ಕಳಿಸುತ್ತಿದ್ದ ಪ್ರಶ್ನೆಗಳ ಕಾಗದಕ್ಕೆ ವಾಷಿಂಗ್ಟನ್ನಿನಲ್ಲಿ ಡಿಂಗೆಲ್‌ಗ್ರಾಮ್ ಎಂದೇ ಹೆಸರು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಸಂಶೋಧನೆಯ ಸರ್ಕಾರಿ ದುಡ್ಡಿಗೆ ಏನೇನು ಖರ್ಚು ಸೇರಿಸಿತ್ತು ಎಂದು 1991ರಲ್ಲಿ ಕೆದಕಿದವರು ಇವರು. ವಿಜ್ಞಾನಿ ತೆರೆಜಾ ಇಮಾನಿಶಿ-ಕಾರಿ ಮೇಲಿನ ಸಂಶೋಧನಾ ವಂಚನೆಯ ಆರೋಪದ ಬೆನ್ನು ಹತ್ತಿದವರೂ ಇವರೇ. ಆಕೆ 1996ರಲ್ಲಿ ನಿರ್ದೋಷಿ ಎಂದು ತೀರ್ಪಾಯಿತು, ಪ್ರಾಜೆಕ್ಟ್ ಬರೆಯುವವರು ಅದನ್ನು ಬಿಡಬಾರದು. ಈ ವಿಚಾರಣೆಗಳು ಮಸೂದೆಯ ಪಟ್ಟಿಯಲ್ಲಿ ಒಂದು ಸಾಲನ್ನೂ ಪಡೆಯುವುದಿಲ್ಲ. 2008ರಲ್ಲಿ ಹೆನ್ರಿ ವ್ಯಾಕ್ಸ್‌ಮನ್ ಎದುರು 137–122ರಿಂದ ಅಧ್ಯಕ್ಷ ಸ್ಥಾನ ಕಳೆದುಕೊಂಡದ್ದೂ ಇಲ್ಲಿ ಸಿಗದು. ಅದು ಪಕ್ಷದ ಒಳಗಿನ ಮತ, ಸದನದ್ದಲ್ಲ. ಡೆಟ್ರಾಯಿಟ್ಟಿನ ಕಾರು ಕಾರ್ಖಾನೆಗಳ ಪರ ನಿಂತು ಇಂಧನ ದಕ್ಷತೆಯ ನಿಯಮಗಳಿಗೆ ಅಡ್ಡ ಬಂದದ್ದು ಆ ಸೋಲಿನ ಹಿಂದಿತ್ತು. ಪರಿಸರ ಕಾಯ್ದೆಗಳ ತಂದೆಯೂ ಅವರೇ, ಕಾರಿನ ಹೊಗೆಯ ವಿಷಯದಲ್ಲಿ ತಡೆಗೋಡೆಯೂ ಅವರೇ. ಎರಡನ್ನೂ ಒಟ್ಟಿಗೆ ಇಡದೆ ಬರೆದದ್ದು ಅರ್ಧ ಡಿಂಗೆಲ್.

ಬಾಲ್ಯಕ್ಕೆ ಪ್ರತಿನಿಧಿ ಸಭೆಯ ಇತಿಹಾಸ ವಿಭಾಗದ ತಾಣ ನೋಡಿ. 1938ರಿಂದ 1943ರವರೆಗೆ ಹುಡುಗ ಡಿಂಗೆಲ್ ಸದನದಲ್ಲಿ ಕಾಗದ ಪತ್ರ ತಲುಪಿಸುವ ಪೇಜ್ ಆಗಿದ್ದ. ಪರ್ಲ್ ಹಾರ್ಬರ್ ದಾಳಿಯ ಮರುದಿನ, 1941ರ ಡಿಸೆಂಬರ್ 8ರಂದು, ರೂಸ್‌ವೆಲ್ಟ್ ಮಾತಾಡುವಾಗ ಹದಿನೈದರ ಆ ಹುಡುಗ ಸದನದಲ್ಲೇ ಇದ್ದ.

ಸಿಕ್ಕಿಬಿದ್ದಾಗ ಕೇಳಲು ಲೈಬ್ರರಿ ಆಫ್ ಕಾಂಗ್ರೆಸ್ಸಿನ ಕಾನೂನು ಗ್ರಂಥಪಾಲಕರಿಗೆ ಆನ್‌ಲೈನ್ ಅರ್ಜಿ ಹಾಕಬಹುದು, ಅದೂ ಪುಕ್ಕಟೆ. ಪ್ರಶ್ನೆಯಲ್ಲಿ ಕಾಂಗ್ರೆಸ್ಸಿನ ಸಂಖ್ಯೆ, ಮಸೂದೆಯ ನಂಬರು, ಈಗಾಗಲೇ ಎಲ್ಲೆಲ್ಲಿ ಹುಡುಕಿದ್ದೀರಿ ಎಂಬುದನ್ನು ಬರೆಯಿರಿ. ಚಳಿಗಾಲದಲ್ಲಿ ವಾಷಿಂಗ್ಟನ್ ನಮಗಿಂತ ಹತ್ತೂವರೆ ತಾಸು ಹಿಂದೆ, ಬೇಸಿಗೆಯಲ್ಲಿ ಒಂಬತ್ತೂವರೆ. ಅಲ್ಲಿ ಕಚೇರಿ ತೆರೆಯುವುದು ಇಲ್ಲಿ ಸಂಜೆಯಾದ ಮೇಲೆ. ನಾಳೆ ಸೆಮಿನಾರು ಎಂದು ಇವತ್ತು ಕೇಳಿ ಕೂರಬೇಡಿ, ವಾರವಾದರೂ ಮುಂಚೆ ಕೇಳಿ.