ಹಳೇ ಟ್ರಕ್ ಇಂಜಿನ್ ಬೇ (ಇಂಜಿನ್ ಕೂರೋ ಜಾಗ) ಕ್ಲೀನ್ ಮಾಡೋಕೆ: ಪ್ರೆಶರ್ ವಾಶಾ, ಬ್ರಶ್ ಹಿಡಿದು ಉಜ್ಜೋದಾ?

ಪ್ರೆಶರ್ ವಾಶ್, ಅಂದ್ರೆ ಜೋರಾಗಿ ನೀರು ಹೊಡೆದು ತೊಳೆಯೋದು, ಬೇಗ ಮುಗಿಯುತ್ತೆ, ಚಾಸಿಸ್ ಮೇಲೆ ಗಟ್ಟಿಯಾಗಿ ಕೂತಿರೋ ಮಣ್ಣು, ಗ್ರೀಸಿಗೆ ಅದೇ ಸರಿ. ಆದ್ರೆ ಹಳೇ ಗಾಡೀಲಿ ವೈರ್ ಮೇಲಿನ ಇನ್ಸುಲೇಶನ್ ಒಣಗಿ ಬಿರುಕು ಬಿಟ್ಟಿರುತ್ತೆ, ಕನೆಕ್ಟರ್ ಸೀಲ್ ಹೋಗಿರುತ್ತೆ, ಅಲ್ಲಿಗೆ ನೀರು ನುಗ್ಗಿದ್ರೆ ಆವತ್ತು ಗಾಡಿ ಸ್ಟಾರ್ಟ್ ಆದ್ರೂ ಒಳಗೊಳಗೇ ಹಸಿರು ಕಿಲುಬು ಹಿಡಿದು ಎಷ್ಟೋ ದಿನ ಆದ್ಮೇಲೆ ತೊಂದ್ರೆ ಶುರುವಾಗುತ್ತೆ, ಆಗ ಎಲ್ಲಿ ಅಂತ ಹುಡುಕ್ತೀರಾ.

ಡಿಗ್ರೀಸರ್ (ಗ್ರೀಸ್ ಬಿಡಿಸೋ ಲಿಕ್ವಿಡ್) ಹಾಕಿ ಬ್ರಶ್ಶಲ್ಲಿ ಉಜ್ಜೋದು ನಿಧಾನ, ಕೈ ಸೋತೋಗುತ್ತೆ, ಆದ್ರೂ ನನ್ನ ವೋಟು ಇದಕ್ಕೇ. ಉಜ್ತಾ ಹೋದ ಹಾಗೆ ಇಂಜಿನ್ ಮೇಲಿನ ವಾಲ್ವ್ ಕವರ್ ಗ್ಯಾಸ್ಕೆಟ್ (ಆಯಿಲ್ ಸೋರದ ಹಾಗೆ ಹಾಕಿರೋ ಸೀಲ್) ಹತ್ರ ಆಯಿಲ್ ಜಿನುಗ್ತಿರೋದು, ಹೋಸ್ ಕ್ಲಾಂಪ್ ಸಡಿಲ ಆಗಿರೋದು ಎಲ್ಲಾ ಕಣ್ಣಿಗೆ ಬೀಳುತ್ತೆ. ಕಾಸ್ಟಿಕ್ (ಸ್ಟ್ರಾಂಗ್ ಕ್ಷಾರ) ಇರೋ ಡಿಗ್ರೀಸರ್ ಬೇಡ, ಅಲ್ಯೂಮಿನಿಯಂ ಕಪ್ಪಾಗುತ್ತೆ, ಪೆಟ್ರೋಲಂತೂ ಹತ್ರಾನೂ ತರ್ಬೇಡಿ, ಬೆಂಕಿ ಹತ್ಕೊಳ್ಳುತ್ತೆ.

ಯಾವುದೇ ಮಾಡಿದ್ರೂ ಇಂಜಿನ್ ತಣ್ಣಗಾಗ್ಲಿ, ಬ್ಯಾಟರಿ ನೆಗೆಟಿವ್ ಬಿಚ್ಚಿ, ಆಲ್ಟರ್ನೇಟರ್, ಏರ್ ಇನ್‌ಟೇಕ್, ಫ್ಯೂಸ್ ಬಾಕ್ಸಿಗೆ ಪ್ಲಾಸ್ಟಿಕ್ ಸುತ್ತಿ.

ಆಮೇಲೆ ಪೇಂಟ್ ಹೊಡೆಯೋ ಪ್ಲಾನ್ ಇದ್ರೆ ಕಣ್ಮುಚ್ಚಿ ಬ್ರಶ್ಶೇ, ಸಂದೀಲಿ ಚೂರು ಗ್ರೀಸ್ ಉಳಿದ್ರೂ ಪೇಂಟ್ ಹಿಡಿಯಲ್ಲ, ಸುಲಿದು ಬರುತ್ತೆ. ಇಂಜಿನ್ ಹೊರಗಿಳಿಸಿ ವೈರಿಂಗೂ ಹೊಸದು ಹಾಕ್ತೀನಿ ಅನ್ನೋರು ಮಾತ್ರ ಖಾಲಿ ಇಂಜಿನ್ ಬೇ ಮೇಲೆ ಧೈರ್ಯವಾಗಿ ಪ್ರೆಶರ್ ವಾಶ್ ಹೊಡೀಬಹುದು.