ನೈಟ್ರಿಕ್ ಆಕ್ಸೈಡ್ ಸೆನ್ಸರ್: ಕೊಳ್ಳುವ ಮುಂಚೆ ಇದಿಷ್ಟು ಓದಿ

ನಮ್ಮ ಲ್ಯಾಬಿಗೆ ತರಿಸಿದ ನೈಟ್ರಿಕ್ ಆಕ್ಸೈಡ್ ಸೆನ್ಸರ್ ನನಗೆ ತುಂಬಾ ಹಿಡಿಸಿದೆ. ನೋಡೋಕೆ ಏನೂ ಇಲ್ಲ, ಕೂದಲಿಗಿಂತ ತೆಳುವಾದ ಕಾರ್ಬನ್ ಫೈಬರ್ ತುದಿ, ಅದರ ಮೇಲೆ ನ್ಯಾಫಿಯಾನ್ ಎಂಬ ಪ್ಲಾಸ್ಟಿಕ್‌ನಂಥ ಪದಾರ್ಥದ ಲೇಪನ, ಅಷ್ಟೇ. ನೈಟ್ರಿಕ್ ಆಕ್ಸೈಡ್ ಈ ತುದಿ ಮುಟ್ಟಿದಾಗ ಪುಟ್ಟ ಕರೆಂಟ್ ಹುಟ್ಟುತ್ತದೆ, ಅಳೆಯುವುದು ಅದನ್ನೇ.

ರಕ್ತನಾಳದ ಒಳಪದರದ ಕೋಶಗಳು ಬಿಡುವ ಈ ಅಣು ಕೆಲವೇ ಸೆಕೆಂಡುಗಳಲ್ಲಿ ನೈಟ್ರೈಟ್ ಆಗಿಬಿಡುತ್ತದೆ. ಬಣ್ಣದ ಬದಲಾವಣೆ ನೋಡಿ ಅಳೆಯುವ ಗ್ರೀಸ್ ಟೆಸ್ಟ್‌ನಲ್ಲಿ ಸಿಗುವುದು ಆ ನೈಟ್ರೈಟ್, ಅಂದರೆ ಎಲ್ಲಾ ಮುಗಿದ ಮೇಲಿನ ಲೆಕ್ಕ. ಸೆನ್ಸರ್‌ನಲ್ಲಿ ಹಾಗಲ್ಲ. ಕೋಶವನ್ನು ಕೆರಳಿಸುವ ಬ್ರಾಡಿಕೈನಿನ್ ಹಾಕಿದ ಸ್ವಲ್ಪ ಹೊತ್ತಿಗೇ ಪರದೆ ಮೇಲೆ ಕರೆಂಟಿನ ಗೆರೆ ಏಳುತ್ತದೆ, ಆಮೇಲೆ ಮೆಲ್ಲಗೆ ಇಳಿಯುತ್ತದೆ. ಕೋಶ ಈಗ, ಈ ಕ್ಷಣ ಏನು ಮಾಡ್ತಿದೆ ಅಂತ ನೋಡೋ ಖುಷಿನೇ ಬೇರೆ. 1992ರಲ್ಲೇ ಮಲಿನ್ಸ್ಕಿ ಮತ್ತು ತಾಹಾ ಎಂಬ ವಿಜ್ಞಾನಿಗಳು ಒಂದೇ ಒಂದು ಕೋಶದಿಂದ ಬರುವ ನೈಟ್ರಿಕ್ ಆಕ್ಸೈಡನ್ನು ಹೀಗೆ ಅಳೆದು ತೋರಿಸಿದ್ದರು.

ಈಗ ತೊಂದರೆಗಳು. ತುದಿಗೆ ಕೊಡುವ 0.8 ವೋಲ್ಟ್ ಆಸುಪಾಸಿನಲ್ಲಿ ಬೇರೆ ಅಣುಗಳೂ ಕರೆಂಟ್ ಕೊಡುತ್ತವೆ. ನ್ಯಾಫಿಯಾನ್‌ಗೆ ಋಣ ಚಾರ್ಜ್ ಇರುವುದರಿಂದ ನೈಟ್ರೈಟ್, ವಿಟಮಿನ್ ಸಿ ಎರಡನ್ನೂ ದೂರ ತಳ್ಳುತ್ತದೆ, ಆದರೆ ನರಕೋಶಗಳು ಬಿಡುವ, ಧನ ಚಾರ್ಜ್ ಇರುವ ಡೋಪಮೈನ್ ಸಲೀಸಾಗಿ ಒಳಗೆ ಬರುತ್ತದೆ, ಹಾಗಾಗಿ ನರಕೋಶದ ಕೆಲಸ ಮಾಡುವವರು ಹುಷಾರು. ಎಲ್-ನೇಮ್ ಎಂಬ ರಾಸಾಯನಿಕ ಹಾಕಿ ಕೋಶದ ನೈಟ್ರಿಕ್ ಆಕ್ಸೈಡ್ ಉತ್ಪಾದನೆ ತಡೆದಾಗ ಗೆರೆ ಏಳದಿದ್ದರೆ ಮಾತ್ರ ಆ ಸಿಗ್ನಲ್ ನಂಬಿ. ಅಳೆಯುವುದು ಪಿಕೋ ಆಂಪಿಯರ್ ಲೆಕ್ಕದಲ್ಲಿ, ಅಂದರೆ ತೀರಾ ಸಣ್ಣ ಕರೆಂಟು, ಪಕ್ಕದಲ್ಲಿ ಯಾರಾದರೂ ಸುಮ್ನೆ ಓಡಾಡಿದರೂ ಗೆರೆ ನಡುಗುತ್ತದೆ. ಹೊರಗಿನ ವಿದ್ಯುತ್ ಗದ್ದಲ ತಡೆಯುವ ಲೋಹದ ಗೂಡು, ಫ್ಯಾರಡೆ ಕೇಜ್, ಇಲ್ಲದೆ ಕೂರಲೇಬೇಡಿ.

ಜೊತೆಗೆ ಬಂದ ಕೈಪಿಡಿ ಬಗ್ಗೆ ನನಗೆ ಬೇಸರವಿದೆ. ವೋಲ್ಟೇಜ್ ಕೊಟ್ಟ ಮೇಲೆ ಬೇಸ್‌ಲೈನ್, ಅಂದರೆ ಏನೂ ಹಾಕುವ ಮುಂಚಿನ ಗೆರೆ, ಒಂದೇ ಮಟ್ಟದಲ್ಲಿ ನಿಲ್ಲೋಕೆ ಗಂಟೆಗಟ್ಟಲೆ ಬೇಕು, ಅದನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದಾರೆ. ಎಷ್ಟು ಕರೆಂಟಿಗೆ ಎಷ್ಟು ನೈಟ್ರಿಕ್ ಆಕ್ಸೈಡ್ ಅಂತ ಹೇಳುವ ಕ್ಯಾಲಿಬ್ರೇಶನ್ ಹಾಳೆಯಲ್ಲಿರುವುದು ಕೋಣೆಯ ಉಷ್ಣಾಂಶದ ಅಂಕಿ, ನಮ್ಮ ಕೋಶಗಳೋ 37 ಡಿಗ್ರಿಯಲ್ಲಿ ಇರ್ತಾವೆ, ಆ ಅಂಕಿ ಇಟ್ಟುಕೊಂಡು ಏನು ಮಾಡೋದು, ಹೇಳಿ? 37 ಡಿಗ್ರಿಯಲ್ಲೇ, ನೈಟ್ರಿಕ್ ಆಕ್ಸೈಡ್ ಬಿಡುವ ಸ್ನ್ಯಾಪ್ ಎಂಬ ರಾಸಾಯನಿಕದ ದ್ರಾವಣದಿಂದ ಕ್ಯಾಲಿಬ್ರೇಶನ್ ನೀವೇ ಮಾಡಿಕೊಳ್ಳಿ. ಸ್ನ್ಯಾಪ್ ಬೆಳಕಿಗೆ ಹಾಳಾಗುತ್ತದೆ, ಟ್ಯೂಬಿಗೆ ಫಾಯಿಲ್ ಸುತ್ತಿ ಐಸ್ ಮೇಲಿಡಿ.

ಕೋಶ ಬಿಡುವ ಹೈಡ್ರೋಜನ್ ಪೆರಾಕ್ಸೈಡ್, ಪೆರಾಕ್ಸಿನೈಟ್ರೈಟ್‌ನಂಥ ಅಣುಗಳನ್ನೂ ಅಳೆಯಬೇಕು ಅನ್ನುವವರಿಗೆ ಇದು ಸಾಲದು. ಅದಕ್ಕೆ ಪ್ಯಾರಿಸ್‌ನ ವಿಜ್ಞಾನಿ ಅಮಾತೋರ್ ಅವರ ತಂಡ ಬಳಸಿದಂಥ ಪ್ಲಾಟಿನಂ ಲೇಪಿಸಿದ ಫೈಬರ್ ನೋಡಿ. ಬರೀ ಒಟ್ಟು ಮೊತ್ತ ಸಾಕು ಅಂದ್ರೆ ಗ್ರೀಸ್ ಟೆಸ್ಟ್ ಅಗ್ಗ. ಯಾವಾಗ, ಎಷ್ಟು ಬೇಗ ಅನ್ನುವುದೇ ನಿಮ್ಮ ಪ್ರಶ್ನೆಯಾದರೆ ಇದನ್ನೇ ಕೊಳ್ಳಿ, ಜೊತೆಗೆ ಒಂದು ತುದಿ ಜಾಸ್ತಿನೇ ತರಿಸಿ, ಡಿಶ್‌ನ ತಳಕ್ಕೆ ಚೂರು ತಾಗಿದರೂ ಮುರಿಯುತ್ತದೆ.