ಹಳೇ ರೆಮಿಂಗ್ಟನ್ 722 ಮೇಲೆ ವೋರ್ಟೆಕ್ಸ್ ಕ್ರಾಸ್‌ಫೈರ್ 2 (6-18x44 ಎಒ) ಸ್ಕೋಪ್: ತಗೊಳ್ಳೋಕೆ ಮುಂಚೆ ಇದನ್ನ ಓದಿ

ಅಮೆರಿಕದ ಪೆನ್ಸಿಲ್ವೇನಿಯಾ ಕಡೆ ಹುಲ್ಲು, ಸೋಯಾ ಬೆಳೆಯೋ ರೈತರ ಹತ್ರ ಗ್ರೌಂಡ್‌ಹಾಗ್ (ಬಿಲ ತೋಡೋ ದಪ್ಪ ಅಳಿಲಿನ ಜಾತಿಯ ಪ್ರಾಣಿ) ಮಾತೆತ್ತಿ ನೋಡಿ, ಸಾಕಾಗೋಗಿದೆ ಅಂತಾರೆ. ಎಳೇ ಸೋಯಾ ಸಾಲನ್ನ ಮೇಯ್ದು ಬೋಳು ಮಾಡೋದು ಒಂದು ಕಡೆ, ಅದು ತೋಡೋ ಬಿಲಕ್ಕೆ ದನದ ಕಾಲು ಸಿಕ್ಕಿಬಿದ್ರೆ ಆ ದನದ ಕಥೆ ಮುಗೀತು. ಹಾಗಾಗಿ ಲೈಸೆನ್ಸ್ ಇದ್ದು ಮರ್ಯಾದೆಯಿಂದ ಕೇಳಿದ್ರೆ ಎಷ್ಟೋ ಜನ ಹೊಲಕ್ಕೆ ಬಿಟ್ಕೋತಾರೆ. ಆದ್ರೆ ಹುಲ್ಲಿನ ಮೇಲೆ ಕಾಣೋದು ಬರೀ ತಲೆ, ಅದೂ 200 ಗಜ ದೂರದಲ್ಲಿ, ಸ್ಕೋಪ್ (ಕೋವಿ ಮೇಲೆ ಕೂರಿಸೋ ದುರ್ಬೀನು) ಇಲ್ದೆ ಈಡು ಹೊಡೆಯೋದು ಪ್ರಾಣಿಗೂ ಅನ್ಯಾಯ. ಗಾಯ ಮಾಡಿ ಬಿಲಕ್ಕೆ ಓಡಿಸೋ ಹಾಗಿದ್ರೆ ಹೊಡೀಲೇಬಾರ್ದು ಅನ್ನೋದು ನನ್ನ ಅಭಿಪ್ರಾಯ.

ನನ್ನ ರೈಫಲ್ ರೆಮಿಂಗ್ಟನ್ 722, ತೋಟಾ .222 ರೆಮಿಂಗ್ಟನ್, ಇಲ್ಲಿನವ್ರು ಟ್ರಿಪಲ್ ಡ್ಯೂಸ್ ಅಂತಾರೆ. ರೆಮಿಂಗ್ಟನ್‌ನ ಮೈಕ್ ವಾಕರ್ ಡಿಸೈನ್ ಮಾಡಿದ ತೋಟಾ ಅದು, 1950ರಲ್ಲಿ ಇದೇ 722 ಜೊತೆ ಬಂತು, ಆಮೇಲೆ ಎಷ್ಟೋ ವರ್ಷ ಬೆಂಚ್‌ರೆಸ್ಟ್ (ಕೋವೀನ ಮೇಜಿನ ಮೇಲಿಟ್ಟು ಗುರಿ ಹೊಡೆಯೋ) ಸ್ಪರ್ಧೆಗಳಲ್ಲಿ ಇದರದ್ದೇ ದರ್ಬಾರು. ಒದೆತ ಅಂತೂ ಇಲ್ವೇ ಇಲ್ಲ ಅನ್ನಿಸತ್ತೆ. ಇಂಥ ಕೋವಿಯ ನಳಿಗೆಗೆ ಏನೂ ಆಗಿರಲ್ಲ, ಹಾಳಾಗಿರೋದು ಮೇಲಿರೋ ಸ್ಕೋಪು, ಅದನ್ನ ಹಿಡಿದಿಡೋ ರಿಂಗು. ನನಗೆ ಸಿಕ್ಕಿದ್ದೂ ಹಾಗೇ, ಹಳೇ ಸ್ಕೋಪಿನ ಗಾಜು ಮಬ್ಬಾಗಿತ್ತು, ರಿಂಗನ್ನ ಯಾರೋ ಸಿಕ್ಕಾಪಟ್ಟೆ ಬಿಗಿದು ಟ್ಯೂಬಿನ ಮೇಲೆ ಬಳೆ ಥರ ಗುರುತು ಬಿದ್ದಿತ್ತು.

ಸ್ಕೋಪ್ ಆರಿಸುವಾಗ ಎಲ್ರೂ ಮೊದ್ಲು ಎಷ್ಟು ಎಕ್ಸ್, ಅಂದ್ರೆ ಎಷ್ಟು ಪಟ್ಟು ದೊಡ್ಡದಾಗಿ ತೋರಿಸತ್ತೆ ಅಂತ ಕೇಳ್ತಾರೆ, ನಾನು ಮೊದ್ಲು ನೋಡಿ ಅನ್ನೋದು ಹಿಡಿಯ ಎತ್ತರ. ಆ ಕಾಲದ ಮರದ ಹಿಡಿ ಮಾಡಿರೋದು ಬರಿಗಣ್ಣಲ್ಲಿ ಗುರಿ ಹಿಡಿಯೋರಿಗೂ ಆಗ್ಲಿ ಅಂತ, ಕೆನ್ನೆ ಇಡೋ ಜಾಗ ತಗ್ಗಾಗಿದೆ. 50 ಎಂಎಂ ಗಾಜಿನ ದಪ್ಪ ಸ್ಕೋಪ್ ತಂದು ಎತ್ತರದ ರಿಂಗಲ್ಲಿ ಕೂರಿಸಿದ್ರೆ ಕೆನ್ನೆ ಗಾಳಿಯಲ್ಲಿ ಇರತ್ತೆ, ಪ್ರತಿ ಸಲ ಕಣ್ಣು ಬೇರೆ ಬೇರೆ ಜಾಗಕ್ಕೆ ಬರತ್ತೆ, ದೂರದ ಗುರಿ ಆಗ ಬರೀ ಅದೃಷ್ಟ. ಅದಕ್ಕೇ 6ರಿಂದ 18 ಎಕ್ಸ್, ಮುಂದಿನ ಗಾಜು 44 ಎಂಎಂ, 1 ಇಂಚಿನ ಟ್ಯೂಬಿನ ಈ ಕ್ರಾಸ್‌ಫೈರ್ ತಗೊಂಡೆ. ಮುಂದಿನ ಗಾಜಿನ ಸುತ್ತ ತಿರುಗಿಸೋ ಎಒ (ಅಡ್ಜಸ್ಟೆಬಲ್ ಆಬ್ಜೆಕ್ಟಿವ್) ರಿಂಗ್ ಇದೆ, ಪ್ಯಾರಲಾಕ್ಸ್ ಸರಿಮಾಡೋಕೆ, ಅಂದ್ರೆ ಕಣ್ಣು ಸ್ವಲ್ಪ ಸರಿದ್ರೂ ಗೆರೆ ಗುರಿಯಿಂದ ಜರುಗಿದ ಹಾಗೆ ಕಾಣೋ ದೋಷ. ಚಿಕ್ಕ ಗುರಿಗೆ ಇದು ಬೇಕೇ ಬೇಕು, ಜಿಂಕೆ ಬೇಟೆಯ ಸ್ಕೋಪಲ್ಲಿ ಅದನ್ನ ಸಾಮಾನ್ಯವಾಗಿ 100 ಅಥವಾ 150 ಗಜಕ್ಕೆ ಫಿಕ್ಸ್ ಮಾಡಿಬಿಟ್ಟಿರ್ತಾರೆ.

ಈಗ ಕೂರಿಸೋ ವಿಷಯ, ಇದರಲ್ಲೇ ಮುಕ್ಕಾಲು ಪಾಲು ಫಲಿತಾಂಶ ಇರೋದು. 722ಗೆ ರೆಮಿಂಗ್ಟನ್ 700ರ ಬೇಸ್‌ಗಳೇ (ರಿಂಗ್ ಕೂರೋಕೆ ಕೋವಿಗೆ ಸ್ಕ್ರೂ ಹಾಕೋ ಪಟ್ಟಿ) ಆಗತ್ತೆ, ವೀವರ್ 35 ಮತ್ತು 36 ನಂಬರು, ಅಗ್ಗ, ಗಟ್ಟಿ. ರಿಂಗ್ ತಗೊಳ್ಳುವಾಗ ಒಂದು ನೆನಪಿಡಿ, ಬೇಸಲ್ಲಿ ಎರಡು ಮಾದರಿ, ವೀವರ್ ಬೇಸಿನ ಅಡ್ಡ ಸೀಳಿನ ಅಗಲ 0.180 ಇಂಚು, ಪಿಕಾಟಿನಿದು 0.206, ವೀವರ್ ರಿಂಗು ಪಿಕಾಟಿನಿ ಮೇಲೆ ಕೂರತ್ತೆ, ಪಿಕಾಟಿನಿ ರಿಂಗು ವೀವರ್ ಮೇಲೆ ಕೂರಲ್ಲ.

ಹಳೇ ಸ್ಕ್ರೂ ತೆಗೆದ ಮೇಲೆ ತೂತಲ್ಲಿ ಒಣಗಿದ ಎಣ್ಣೆ ಅಂಟು ಅಂಟಾಗಿ ಕೂತಿರತ್ತೆ. ಹತ್ತಿ ಕಡ್ಡೀನ ಐಸೋಪ್ರೊಪೈಲ್ ಆಲ್ಕೋಹಾಲಲ್ಲಿ ಅದ್ದಿ ತಿರುಗಿಸ್ತಾ ಹೋದ್ರೆ ಕಂದು ಬಣ್ಣ ಬರ್ತಾನೇ ಇರತ್ತೆ, ಕಡ್ಡಿ ಬೆಳ್ಳಗೆ ಬರೋವರೆಗೂ ಬಿಡಬೇಡಿ, ಇಲ್ದಿದ್ರೆ ನೀಲಿ ಲಾಕ್‌ಟೈಟ್ (ಸ್ಕ್ರೂ ಸಡಿಲ ಆಗದ ಹಾಗೆ ಹಚ್ಚೋ ಅಂಟು) ಹಿಡಿಯಲ್ಲ. ಮುಂದಿನ ಬೇಸಿನ ತುದಿ ಸ್ಕ್ರೂ ಒಂದು ಸುತ್ತು ಉದ್ದ ಆದ್ರೂ ತಳದಲ್ಲಿ ನಳಿಗೆಯ ಥ್ರೆಡ್ಡಿಗೆ ತಾಗತ್ತೆ, ಆಗ ಸ್ಕ್ರೂ ಬಿಗಿಯಾಗಿದೆ ಅನ್ನಿಸತ್ತೆ ಆದ್ರೆ ಬೇಸು ಸಡಿಲವಾಗೇ ಇರತ್ತೆ. ಒಂದೊಂದೇ ಸ್ಕ್ರೂ ಹಾಕಿ ಬೇಸನ್ನ ಅಲ್ಲಾಡಿಸಿ ನೋಡಿ, ಬೋಲ್ಟ್ (ತೋಟಾ ಒಳಗೆ ತಳ್ಳೋ ಭಾಗ) ಕೂಡ ಹಿಂದೆ ಮುಂದೆ ಎಳೆದು ನೋಡಿ.

ಕಣ್ಣಿಗೂ ಹಿಂದಿನ ಗಾಜಿಗೂ ಇರಬೇಕಾದ ದೂರ ಇದರಲ್ಲಿ ಸುಮಾರು 3.7 ಇಂಚು. ಸ್ಕೋಪನ್ನ 18 ಎಕ್ಸಲ್ಲಿ ಇಟ್ಟು, ಮಲಗಿ ಹೊಡೆಯೋರು ಮಲಗೇ, ಕಣ್ಣು ಮುಚ್ಚಿ ಕೆನ್ನೆ ಇಟ್ಟು ಆಮೇಲೆ ಕಣ್ಣು ತೆರೆದು ಸರಿಮಾಡ್ಕೊಳ್ಳಿ, ಪೂರ್ತಿ ವೃತ್ತ ಕಾಣ್ಬೇಕು, ಅಂಚಲ್ಲಿ ಕಪ್ಪು ನೆರಳು ಬರಬಾರ್ದು. ಆಮೇಲೆ ಗೋಡೆಗೆ ಒಂದು ತೂಕದ ದಾರ ಇಳಿಬಿಟ್ಟು ಅಡ್ಡಗೆರೆ-ಉದ್ದಗೆರೆ ನೇರ ಮಾಡಿ. ಮೀಡಿಯಂ ರಿಂಗಲ್ಲಿ ಎಒ ರಿಂಗಿಗೂ ನಳಿಗೆಗೂ ಮಧ್ಯೆ ಕಾಗದ ಸರಾಗವಾಗಿ ಓಡಾಡ್ತು, ಅಷ್ಟು ಸಾಕು. ರಿಂಗಿನ ಮೇಲಿನ ಸ್ಕ್ರೂಗಳನ್ನ ಕ್ರಾಸ್ ಆಗಿ ಸ್ವಲ್ಪ ಸ್ವಲ್ಪ ಬಿಗೀತಾ ಹೋಗಿ, ವೋರ್ಟೆಕ್ಸ್ ಹೇಳೋದು 15ರಿಂದ 18 ಇಂಚ್-ಪೌಂಡ್, ಅದಕ್ಕೆ ಟಾರ್ಕ್ ಡ್ರೈವರ್ (ಬಿಗಿತ ಅಳೆಯೋ ಸ್ಕ್ರೂಡ್ರೈವರ್) ಬೇಕು, ಕೈ ಅಂದಾಜಲ್ಲಿ ಆಗಲ್ಲ. ಸ್ಕೋಪಿಗೆ ಅಷ್ಟು ದುಡ್ಡು ಹಾಕೋರು ಇದಕ್ಕೆ ಜಿಪುಣತನ ಮಾಡೋದು ನೋಡಿದ್ರೆ ಬೇಜಾರಾಗತ್ತೆ.

ಗುರಿ ಸೇರಿಸೋಕೆ ಮೊದ್ಲು ಬೋಲ್ಟ್ ತೆಗೆದು ನಳಿಗೆ ಒಳಗಿಂದ್ಲೇ 25 ಗಜದ ಬೋರ್ಡ್ ನೋಡಿ. ಸ್ಕೋಪಿನ ತಿರುಗಣೆಯ ಕ್ಲಿಕ್ ಒಂದಕ್ಕೆ 100 ಗಜದಲ್ಲಿ ಕಾಲು ಇಂಚು, 25 ಗಜದಲ್ಲಿ ಒಂದು ಇಂಚು ಸರಿಯೋಕೆ 16 ಕ್ಲಿಕ್ ಬೇಕು, ಇದು ಗೊತ್ತಿದ್ರೆ ತೋಟಾ ಉಳಿಯತ್ತೆ. ಕ್ಲಿಕ್ ಸ್ಪಷ್ಟವಾಗಿ ಬೆರಳಿಗೆ ಸಿಗತ್ತೆ, ಮೇಲೇರಿಸಿ ವಾಪಸ್ ಇಳಿಸಿದ್ರೆ ಗುಂಡು ಅದೇ ಜಾಗಕ್ಕೆ ಬಂತು, ನನಗೆ ತುಂಬಾ ಸಮಾಧಾನ ಆಗಿದ್ದು ಇದೇ.

ಕೊರತೆ ಅಂದ್ರೆ, ಬಿ.ಡಿ.ಸಿ. ರೆಟಿಕಲ್‌ನ (ದೂರಕ್ಕೆ ಗುಂಡು ಎಷ್ಟು ಇಳಿಯತ್ತೆ ಅಂತ ತೋರಿಸೋ ಗುರಿಗೆರೆ) ಕೆಳಗಿನ ಗೆರೆಗಳು 18 ಎಕ್ಸಲ್ಲಿ ಮಾತ್ರ ಲೆಕ್ಕಕ್ಕೆ ಬರೋದು, ಅದೂ ಟ್ರಿಪಲ್ ಡ್ಯೂಸಿಗೆ ಅಂತ ಮಾಡಿದ್ದಲ್ಲ, ಯಾವ ಗೆರೆ ಎಷ್ಟು ಗಜ ಅಂತ ನೀವೇ ಹೊಡೆದು ಬರ್ಕೋಬೇಕು. ಜುಲೈ ಮಧ್ಯಾಹ್ನ ನೆಲದಿಂದ ಏಳೋ ಬಿಸಿಗಾಳಿಗೆ 18ರಲ್ಲಿ ಎಲ್ಲಾ ಕುಣಿಯತ್ತೆ, 12ಕ್ಕೆ ಇಳಿಸಿದ್ರೆ ಚೆನ್ನಾಗಿ ಕಾಣತ್ತೆ, ಇದು ಯಾವ ಬ್ರಾಂಡಾದ್ರೂ ಅಷ್ಟೇ. ನಡೆದಾಡಿ ಬೇಟೆ ಆಡೋರಿಗೆ ಭಾರ, ಅಂಥವ್ರು 3-9x40 ನೋಡಿ. ಕೂತು ಕಾಯೋರಿಗೆ ಧೈರ್ಯವಾಗಿ ತಗೊಳ್ಳಿ ಅಂತೀನಿ, ವಾರಂಟಿ ಜೀವನಪೂರ್ತಿ, ಸೆಕೆಂಡ್‌ಹ್ಯಾಂಡ್ ತಗೊಂಡವ್ರಿಗೂ ಸಿಗತ್ತೆ.

ನಮ್ಮವ್ರಿಗೆ ಇನ್ನೊಂದು ಮಾತು, ಎಚ್-1ಬಿ ಥರ ವೀಸಾದಲ್ಲಿ ಇರೋರಿಗೆ ಅಮೆರಿಕದಲ್ಲಿ ಬಂದೂಕು ಇಟ್ಕೊಳ್ಳೋಕೆ ಕಾನೂನಲ್ಲಿ ನಿರ್ಬಂಧ ಇದೆ, ಹಂಟಿಂಗ್ ಲೈಸೆನ್ಸ್ ಥರದ ಕೆಲವು ವಿನಾಯ್ತಿ ಬಿಟ್ರೆ. ಸ್ಕೋಪ್ ಆರ್ಡರ್ ಮಾಡೋಕೆ ಮುಂಚೆ ಅದನ್ನ ಲಾಯರ್ ಹತ್ರ ಕೇಳ್ಕೊಂಡುಬಿಡಿ.